ಯೆರೆಮೀಯನ ಬದುಕಿಂದ ನಮ್ಮ ಬದುಕಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮನೇಲಿ ಬುಧವಾರ ಸಾಯಂಕಾಲ ಒಂದು ಚಿಕ್ಕ ಬೈಬಲ್ ಸ್ಟಡಿ ನಡೆಯುತ್ತೆ, ಹತ್ತು ಹನ್ನೆರಡು ಜನ. ಯೆರೆಮೀಯನ ಪುಸ್ತಕ ಎರಡು ತಿಂಗಳಲ್ಲಿ ಮುಗಿಸೋಣ ಅಂತ ಶುರು ಮಾಡಿದ್ವಿ, ಹನ್ನೊಂದು ತಿಂಗಳು ಹಿಡೀತು, ಯಾಕಂದ್ರೆ ಪ್ರತಿ ವಾರ ಪ್ರಶ್ನೆಗಳೇ ಮುಗೀತಿರಲಿಲ್ಲ. ಆಮೇಲೆ ಬೇರೆ ಸಭೆಯೋರು, ದೂರದೂರಲ್ಲಿರೋ ನೆಂಟರು, ಯೂತ್ ಮಕ್ಕಳು ಎಲ್ಲಾ ಸುತ್ತಿ ಬಳಸಿ ಅದೇ ಪ್ರಶ್ನೆಗಳನ್ನ ಫೋನಲ್ಲಿ, ಕಾಗದದಲ್ಲಿ, ಮೆಸೇಜಲ್ಲಿ ಕೇಳ್ತಾ ಬಂದ್ರು. ಅವರು ಕೇಳಿದ ಹಾಗೇ ಪ್ರಶ್ನೆ ಇಟ್ಟು, ನನಗೆ ಗೊತ್ತಿರೋಷ್ಟು ಉತ್ತರ ಬರೆದಿದೀನಿ. ಬೈಬಲ್ ಪಕ್ಕದಲ್ಲಿಟ್ಕೊಂಡು ಓದಿ, ಅಧ್ಯಾಯ ವಚನ ಕೊಟ್ಟಿದೀನಿ, ನೀವೇ ತೆಗೆದು ನೋಡಿ.

## ಮೊದಲ ಹೆಜ್ಜೆ

ಯೆರೆಮೀಯ ಅಂದ್ರೆ ಯಾರು, ಒಂದ್ಸಲ ಸಿಂಪಲ್ಲಾಗಿ ಹೇಳಿಬಿಡಿ ಅಕ್ಕ

ಯೆರೂಸಲೇಮಿಂದ ಈಶಾನ್ಯಕ್ಕೆ ಸುಮಾರು 5 ಕಿಲೋಮೀಟರ್ ದೂರದಲ್ಲಿ ಅನಾತೋತ್ ಅಂತ ಒಂದು ಹಳ್ಳಿ, ಯಾಜಕರ ಊರು, ಅಲ್ಲಿನ ಹಿಲ್ಕೀಯನ ಮಗ ಇವನು. ಯೆಹೂದ ದೇಶದ ಅರಸ ಯೋಷೀಯನ 13ನೇ ವರ್ಷದಲ್ಲಿ, ಅಂದ್ರೆ ಕ್ರಿ.ಪೂ. 627ರ ಹೊತ್ತಿಗೆ ದೇವರ ಕರೆ ಬಂತು. ಆಮೇಲೆ 40 ವರ್ಷದ ಮೇಲೆ ಸೇವೆ. ಯೋಷೀಯ, ಯೆಹೋವಾಹಾಜ, ಯೆಹೋಯಾಕೀಮ, ಯೆಹೋಯಾಖೀನ, ಚಿದ್ಕೀಯ ಅಂತ ಐದು ಜನ ಅರಸರನ್ನ ನೋಡಿದ. ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರ ಬಂದು ಕ್ರಿ.ಪೂ. 586ರಲ್ಲಿ (587 ಅಂತಲೂ ಲೆಕ್ಕ ಹಾಕ್ತಾರೆ) ಯೆರೂಸಲೇಮನ್ನ, ದೇವಾಲಯವನ್ನ ಸುಟ್ಟಾಗ ಇವನು ಅದೇ ಊರೊಳಗಿದ್ದ. ಇದು ಆಗುತ್ತೆ, ತಿರುಗಿಕೊಳ್ಳಿ ಅಂತ ಅಷ್ಟು ವರ್ಷ ಹೇಳಿ ಹೇಳಿ, ಹೊಡೆತ ತಿಂದು, ಕೋಳದಲ್ಲಿ ಕೂತು, ಜೈಲು ನೋಡಿ, ಕೊನೆಗೆ ಹೇಳಿದ್ದು ಕಣ್ಣೆದುರಿಗೇ ಆಗಿದ್ದನ್ನ ನೋಡಬೇಕಾಯ್ತು. ಹಾಗಾಗಿ ಇವನನ್ನ ಅಳುವ ಪ್ರವಾದಿ ಅಂತಾರೆ, ಆದ್ರೆ ಬರೀ ಅಳೋನು ಅಂದ್ಕೋಬೇಡಿ, ಇಷ್ಟು ಗಟ್ಟಿ ಮನುಷ್ಯ ಹಳೇ ಒಡಂಬಡಿಕೇಲಿ ಕಮ್ಮಿ.

52 ಅಧ್ಯಾಯ ಇದೆ, ಓದೋಕೆ ಹೋದ್ರೆ ಹಿಂದೆ ಮುಂದೆ ಆಗಿ ತಲೆ ಕೆಡುತ್ತೆ, ಎಲ್ಲಿಂದ ಶುರು ಮಾಡ್ಲಿ?

ತಲೆ ಕೆಡೋದು ನಿಮ್ಮ ತಪ್ಪಲ್ಲ, ಪುಸ್ತಕ ಇರೋದೇ ಹಾಗೆ. ನಡೆದ ಕ್ರಮದಲ್ಲಿ ಜೋಡಿಸಿಲ್ಲ. ಚಿದ್ಕೀಯನ ಕಾಲದ ಮಾತು 21ನೇ ಅಧ್ಯಾಯದಲ್ಲಿ ಬಂದ್ರೆ ಅವನಿಗಿಂತ ಮುಂಚಿನ ಯೆಹೋಯಾಕೀಮನ ಕಥೆ 36ರಲ್ಲಿ ಬರುತ್ತೆ. ಹಳೇ ಗ್ರೀಕ್ ಅನುವಾದದಲ್ಲಂತೂ ಈ ಪುಸ್ತಕ ಸುಮಾರು ಎಂಟನೇ ಒಂದು ಭಾಗ ಚಿಕ್ಕದು, ಜನಾಂಗಗಳ ಬಗ್ಗೆ ಇರೋ ಅಧ್ಯಾಯಗಳು ನಮ್ಮಲ್ಲಿ ಕೊನೇಲಿದ್ರೆ ಅಲ್ಲಿ ಮಧ್ಯದಲ್ಲಿ ಬರ್ತವೆ.

ನಾನು ಹೊಸಬರಿಗೆ ಹೇಳೋದು ಹೀಗೆ: ಮೊದಲು 1, ಆಮೇಲೆ 7 ಮತ್ತು 26 ಒಟ್ಟಿಗೆ (ಒಂದೇ ಪ್ರಸಂಗ, ಒಂದರಲ್ಲಿ ಮಾತು, ಇನ್ನೊಂದರಲ್ಲಿ ಅದರಿಂದಾದ ಗಲಾಟೆ), ನಂತರ 36, 28, 29, 32, ಅಲ್ಲಿಂದ 37ರಿಂದ 45 ಒಂದೇ ಉಸಿರಿಗೆ. ಕಥೆ ಮನಸ್ಸಲ್ಲಿ ಕೂತ ಮೇಲೆ 11ರಿಂದ 20ರವರೆಗಿನ ಪ್ರಾರ್ಥನೆಗಳಿಗೆ ಬನ್ನಿ. ಆಗ ಆ ಮನುಷ್ಯ ಯಾಕೆ ಹಾಗೆ ಅಳ್ತಿದಾನೆ ಅಂತ ಅರ್ಥ ಆಗುತ್ತೆ.

ನಂಗೆ 19 ವರ್ಷ, ಸ್ಟೇಜ್ ಅಂದ್ರೆ ಕೈಕಾಲು ನಡುಗುತ್ತೆ, ಪಾಸ್ಟರ್ ಸಂಡೇ ಸ್ಕೂಲ್ ತಗೋ ಅಂತಿದಾರೆ, ಒಪ್ಕೊಳ್ಳಾ?

ಮೊದಲನೇ ಅಧ್ಯಾಯ 6ನೇ ವಚನದಲ್ಲಿ ಯೆರೆಮೀಯ ಹೇಳಿದ್ದು ಇದೇ ಮಾತು, ನಾನಿನ್ನೂ ಚಿಕ್ಕೋನು, ಮಾತಾಡೋಕೆ ಬರಲ್ಲ ಅಂತ. ದೇವರು ಅದಕ್ಕೆ, ಇಲ್ಲ ನೀನು ತುಂಬ ಚೆನ್ನಾಗಿ ಮಾತಾಡ್ತೀಯ ಅಂತ ಹೊಗಳಲಿಲ್ಲ ನೋಡಿ. ಹೋಗು, ಹೆದರಬೇಡ, ನಾನು ಜೊತೇಲಿದೀನಿ ಅಂದ್ರು, ಬಾಯಿ ಮುಟ್ಟಿದ್ರು. ತಕ್ಷಣ ಒಂದು ಬಾದಾಮಿ ಕೊಂಬೆ ತೋರಿಸಿದ್ರು. ಇಬ್ರಿಯ (ಹೀಬ್ರೂ) ಭಾಷೇಲಿ ಬಾದಾಮಿಗೆ ಶಾಕೇದ್, ಎಚ್ಚರವಾಗಿ ಕಾಯ್ತಿರೋನಿಗೆ ಶೋಕೇದ್. ಆ ದೇಶದಲ್ಲಿ ಚಳಿ ಇನ್ನೂ ಇರುವಾಗಲೇ ಮೊದಲು ಹೂ ಬಿಡೋ ಮರ ಅದು. ನನ್ನ ಮಾತು ನಡೆಯೋ ಹಾಗೆ ನಾನೇ ಎಚ್ಚರವಾಗಿದ್ದು ನೋಡ್ಕೋತೀನಿ ಅಂತ ದೇವರು ಹೇಳಿದ್ದು. ಅಂದ್ರೆ ಮಾತನ್ನ ನಿಜ ಮಾಡೋ ಭಾರ ಹುಡುಗನ ತಲೆ ಮೇಲಿಲ್ಲ. ಒಪ್ಕೋ ಮಗಳೇ, ಐದು ಮಕ್ಕಳಿಗೆ ಒಂದು ಕಥೆ ಹೇಳೋದ್ರಿಂದ ಶುರು ಮಾಡು, ನಡುಕ ಇರಲಿ ಬಿಡು.

ನನ್ನ ಪ್ರಾಮಿಸ್ ವರ್ಸ್ 29:11, ಒಳ್ಳೇ ಭವಿಷ್ಯ ಕೊಡ್ತೀನಿ ಅಂತ ದೇವರೇ ಹೇಳಿದಾರೆ, ಆದ್ರೂ ಮೂರು ವರ್ಷದಿಂದ ಕೆಲಸ ಸಿಕ್ಕಿಲ್ಲ, ಯಾಕೆ?

ಈ ವಚನ ಎಷ್ಟು ಮನೆ ಗೋಡೆ ಮೇಲೆ, ಎಷ್ಟು ಹೊಸ ವರ್ಷದ ಕಾರ್ಡಲ್ಲಿ ನೋಡಿದೀನೋ ಲೆಕ್ಕ ಇಲ್ಲ. ನನಗೂ ಪ್ರೀತಿಯ ವಚನವೇ. ಆದ್ರೆ ದಯವಿಟ್ಟು ಒಂದೇ ಒಂದು ಕೆಲಸ ಮಾಡಿ, ಅದರ ಹಿಂದಿನ 10ನೇ ವಚನ ಓದಿ. ಬಾಬೆಲಿಗೆ 70 ವರ್ಷ ತುಂಬಿದ ಮೇಲೆ ನಿಮ್ಮನ್ನ ವಾಪಸ್ ಕರ್ಕೊಂಡು ಬರ್ತೀನಿ ಅಂತಿದೆ. ಕ್ರಿ.ಪೂ. 597ರಲ್ಲಿ ಸೆರೆಯಾಗಿ ಹೋದ ಜನಕ್ಕೆ ಬರೆದ ಕಾಗದ ಇದು. ಅದನ್ನ ಓದಿಸಿ ಕೇಳಿದ ನಲವತ್ತು ವರ್ಷದ ಗಂಡಸು ಊರಿಗೆ ವಾಪಸ್ ಬರೋದು ತಾನು ನೋಡಲ್ಲ ಅಂತ ಅವತ್ತೇ ತಿಳ್ಕೊಂಡ. ಆದ್ರೂ ಅದು ಅವನಿಗೆ ಬಂದ ಒಳ್ಳೇ ಸುದ್ದೀನೇ, ಯಾಕಂದ್ರೆ ದೇವರು ಕೈ ಬಿಟ್ಟಿಲ್ಲ, ಮೊಮ್ಮಕ್ಕಳಿಗೆ ಊರಿದೆ ಅಂತ ಗೊತ್ತಾಯ್ತು.

ಹಾಗಾದ್ರೆ ವಚನ ನಮಗಲ್ವಾ ಅಂತೀರ. ನಮಗೂ ಇದೆ, ಆ ದೇವರ ಮನಸ್ಸು ಬದಲಾಗಿಲ್ಲ. ಈ ತಿಂಗಳು ಆಫರ್ ಲೆಟರ್ ಬರುತ್ತೆ ಅಂತ ಮಾತ್ರ ಅಲ್ಲಿ ಬರೆದಿಲ್ಲ. ಮೂರು ವರ್ಷ ಕಾಯೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು ತಮ್ಮಾ, ನಮ್ಮನೇಲೂ ಅದು ಆಗಿದೆ. ಕೆಲಸ ಸಿಗದೇ ಇರೋದನ್ನ ನಿನ್ನ ನಂಬಿಕೆ ಕಮ್ಮಿ ಅನ್ನೋದಕ್ಕೆ ಸಾಕ್ಷಿ ಅಂತ ಯಾರಾದ್ರೂ ಹೇಳಿದ್ರೆ ಅವರ ಮಾತು ಕೇಳಬೇಡ.

## ದಿನದಿನದ ಬದುಕು

ಕುವೈತಲ್ಲಿ ನರ್ಸ್ ಆಗಿದೀನಿ, ಮನಸ್ಸೆಲ್ಲಾ ಊರಲ್ಲೇ, ಇಲ್ಲಿ ಇದ್ದೂ ಇಲ್ಲದ ಹಾಗಿದೀನಿ

ಅದೇ 29ನೇ ಅಧ್ಯಾಯ, 5ರಿಂದ 7. ಮನೆ ಕಟ್ಕೊಳ್ಳಿ, ತೋಟ ಮಾಡಿ ಅದರ ಹಣ್ಣು ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರೋ ಪಟ್ಟಣದ ಕ್ಷೇಮಕ್ಕೆ ಪ್ರಾರ್ಥನೆ ಮಾಡಿ, ಅದು ಚೆನ್ನಾಗಿದ್ರೆ ನೀವೂ ಚೆನ್ನಾಗಿರ್ತೀರ ಅಂತ ಬರೆದ. ಯಾವ ಪಟ್ಟಣ? ತಮ್ಮನ್ನ ಹಿಡ್ಕೊಂಡು ಹೋದ ಶತ್ರುವಿನ ಪಟ್ಟಣ. ನಿಮ್ಮನ್ನ ಯಾರೂ ಸೆರೆ ಹಿಡಿದು ಕರ್ಕೊಂಡು ಹೋಗಿಲ್ಲ, ಆದ್ರೂ ಕೆಲಸಕ್ಕೆ ಅಂತ ಹೋದವರ ಮನಸ್ಸು ಸೂಟ್‌ಕೇಸ್ ಬಿಚ್ಚದೇ ಬದುಕೋದು ನಿಜ. ಬೀದರಿಂದ ಬೆಂಗಳೂರಿಗೆ ಬಂದವರೂ ಇದನ್ನೇ ಹೇಳ್ತಾರೆ, ಇಲ್ಲಿ ಬಾಡಿಗೆ ಮನೆ, ಬಾಡಿಗೆ ಬದುಕು ಅಂತ.

ನಮ್ಮ ಗುಂಪಿನ ಒಬ್ಬ ಅಕ್ಕ ಗಲ್ಫಲ್ಲಿ ಹದಿಮೂರು ವರ್ಷ ಇದ್ದೋರು. ಬಾಲ್ಕನೀಲಿ ಪೇಂಟ್ ಡಬ್ಬದಲ್ಲಿ ಕರಿಬೇವು ಹಾಕಿದ್ರಂತೆ, ಆ ಬಿಸಿಲಿಗೆ ಎರಡು ಸಲ ಒಣಗಿ ಮೂರನೇದು ಹಿಡೀತು, ಅಕ್ಕಪಕ್ಕದ ಫ್ಲಾಟಿನೋರು ಕೇಳ್ಕೊಂಡು ಬರೋಕೆ ಶುರು ಮಾಡಿದ್ರು, ಅವತ್ತಿಂದ ಆ ಊರು ನಂದೂ ಅನ್ನಿಸ್ತು ಅಂದ್ರು. ನೀವು ರಾತ್ರಿ ಡ್ಯೂಟೀಲಿ ನೋಡ್ಕೊಳ್ಳೋ ಪೇಷೆಂಟುಗಳ ಹೆಸರು ಹಿಡಿದು ಪ್ರಾರ್ಥನೆ ಮಾಡಿ ಸಿಸ್ಟರ್. ಅದೇ ಪಟ್ಟಣದ ಕ್ಷೇಮ ಹುಡುಕೋದು.

ಯೆರೆಮೀಯನಿಗೆ ಮದುವೆ ಬೇಡ ಅಂದ್ರಲ್ಲ ದೇವರು, ಸೇವೆಗೆ ಬರೋರು ಮದುವೆ ಆಗಬಾರದಾ?

ಆಗಬಹುದು. 16ನೇ ಅಧ್ಯಾಯದ ಆ ಆಜ್ಞೆ ಅವನೊಬ್ಬನಿಗೆ, ಬರ್ತಿರೋ ನಾಶನದ ಗುರುತಾಗಿ ಕೊಟ್ಟಿದ್ದು. ಯೆಶಾಯ, ಹೋಶೇಯ, ಯೆಹೆಜ್ಕೇಲ ಎಲ್ಲರಿಗೂ ಹೆಂಡತಿ ಇದ್ರು. ಆದ್ರೆ ಮದುವೆ ಆಗದೇ ಇರೋರನ್ನ ನಮ್ಮ ಸಭೆಗಳಲ್ಲಿ ಅರ್ಧ ಮನುಷ್ಯರ ಹಾಗೆ ನೋಡ್ತೀವಲ್ಲ, ಯಾವಾಗ ಊಟ ಹಾಕಿಸ್ತೀಯಾ ಅಂತ ಪ್ರತಿ ಭಾನುವಾರ ಚುಚ್ತೀವಲ್ಲ, ಅವರಿಗೆ ಈ ಅಧ್ಯಾಯ ಒಂದು ಆಸರೆ. ಹೆಂಡತಿ ಮಕ್ಕಳಿಲ್ಲದ ಮನುಷ್ಯನನ್ನ ದೇವರು ಪೂರ್ತಿಯಾಗಿ ಬಳಸಿದ್ರು.

ದೇವರ ಮೇಲೆ ಸಿಟ್ಟು ಬರುತ್ತೆ, ಪ್ರಾರ್ಥನೇಲಿ ಜಗಳ ಆಡ್ಬಿಡ್ತೀನಿ, ಇದು ಪಾಪನಾ?

ಯೆರೆಮೀಯ ಏನೇನು ಹೇಳಿದಾನೆ ಕೇಳಿ. 15:18ರಲ್ಲಿ, ನೀನು ನಂಗೆ ನೀರಿದೆ ಅಂತ ನಂಬಿಸಿ ಬತ್ತಿ ಹೋಗೋ ಹಳ್ಳ ಆಗ್ತೀಯಾ ಅಂತಾನೆ. 20:7ರಲ್ಲಿ, ನನ್ನನ್ನ ಮರುಳು ಮಾಡಿದೆ, ನಾನು ಮರುಳಾದೆ ಅಂತಾನೆ. ಅದೇ ಅಧ್ಯಾಯದ ಕೊನೇಲಿ ತಾನು ಹುಟ್ಟಿದ ದಿನಕ್ಕೇ ಶಾಪ ಹಾಕ್ತಾನೆ. ಇದೆಲ್ಲಾ ಪರಿಶುದ್ಧ ಗ್ರಂಥದಲ್ಲಿ ಉಳ್ಕೊಂಡಿದೆ, ಯಾರೂ ಅಳಿಸಿಲ್ಲ.

ಒಂದು ಗಮನಿಸಿ, ಇಷ್ಟನ್ನೂ ಅವನು ಹೇಳಿದ್ದು ದೇವರಿಗೇನೇ. ಬೆನ್ನು ತಿರುಗಿಸ್ಕೊಂಡು ಹೋಗಲಿಲ್ಲ. ದೇವರ ಉತ್ತರನೂ ಒಂದೇ ಥರ ಇಲ್ಲ. 12:5ರಲ್ಲಿ, ಕಾಲಾಳುಗಳ ಜೊತೆ ಓಡಿಯೇ ಸುಸ್ತಾದ್ರೆ ಕುದುರೆಗಳ ಜೊತೆ ಹೇಗೆ ಓಡ್ತೀಯಾ ಅಂತ ಇನ್ನೂ ಕಷ್ಟದ ಮಾತೇ ಬಂತು, 15:19ರಲ್ಲಿ ಗದರಿಸಿ ಹತ್ರ ಕರೆದ್ರು, 20ನೇ ಅಧ್ಯಾಯದಲ್ಲಿ ಉತ್ತರವೇ ಇಲ್ಲ, ಮೌನ. ಮಾರನೇ ಅಧ್ಯಾಯದಲ್ಲಿ ಅವನು ಮತ್ತೆ ಕೆಲಸಕ್ಕೆ ನಿಂತಿದಾನೆ. ಸಿಟ್ಟನ್ನ ಮುಚ್ಚಿಟ್ಟು ಬಾಯಲ್ಲಿ ಹಲ್ಲೆಲೂಯ ಅನ್ನೋದಕ್ಕಿಂತ ಈ ಜಗಳ ಒಳ್ಳೇದು ಅಂತ ನನಗನ್ನಿಸುತ್ತೆ.

ಇನ್ನೊಂದು ಮಾತು. ಹುಟ್ಟಬಾರದಿತ್ತು, ಇರಬಾರದು ಅನ್ನೋ ಯೋಚನೆ ದಿನಾ ಬರ್ತಿದ್ರೆ, ನಿದ್ದೆ ಊಟ ಬಿಟ್ಟು ಹೋಗಿದ್ರೆ, ಪ್ರಾರ್ಥನೆ ಜೊತೆಗೆ ಡಾಕ್ಟರ್ ಹತ್ರನೂ ಹೋಗಿ, ಯಾರಿಗಾದ್ರೂ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡ್ತಾರೆ. ಅದು ನಂಬಿಕೆ ಕಮ್ಮಿ ಅಲ್ಲ.

ಮಗು ಐಸಿಯುನಲ್ಲಿದ್ದಾಗ ಏನೇನೋ ಹರಕೆ ಮಾಡಿದ್ವಿ, ಈಗ ಹುಷಾರಾಗಿದೆ, ಆ ಮಾತು ಉಳಿಸ್ಕೊಳ್ಳೋಕೆ ಮನಸ್ಸೇ ಬರ್ತಿಲ್ಲ

34ನೇ ಅಧ್ಯಾಯ ಓದಿ, ನಿಮ್ಮ ಕಥೇನೇ ಅಲ್ಲಿದೆ. ಬಾಬೆಲಿನ ದಂಡು ಊರು ಸುತ್ತಿದ ಭಯದಲ್ಲಿ ಚಿದ್ಕೀಯನೂ ದೊಡ್ಡೋರೂ ದೇವಾಲಯದಲ್ಲಿ ಒಡಂಬಡಿಕೆ ಮಾಡಿ ತಮ್ಮ ಇಬ್ರಿಯ ದಾಸದಾಸಿಯರನ್ನ ಬಿಡುಗಡೆ ಮಾಡಿದ್ರು. ಅಷ್ಟರಲ್ಲಿ ಐಗುಪ್ತದ (ಈಜಿಪ್ಟಿನ) ಸೈನ್ಯ ಬಂತು ಅಂತ ಬಾಬೆಲಿನೋರು ಮುತ್ತಿಗೆ ಬಿಟ್ಟು ಹಿಂದೆ ಸರಿದ್ರು. ಉಸಿರಾಡೋಕೆ ಸಿಕ್ಕಿದ್ದೇ ತಡ, ಬಿಟ್ಟ ಆಳುಗಳನ್ನೇ ಮತ್ತೆ ಹಿಡಿದು ತಂದ್ರು. ಇಡೀ ಪುಸ್ತಕದಲ್ಲಿ ದೇವರ ಮಾತು ಬಹಳ ಖಾರವಾಗಿ ಬರೋ ಜಾಗಗಳಲ್ಲಿ ಇದೊಂದು. ದೇವರು ಹರಕೆಗೋಸ್ಕರ ಮಗುನ ಉಳಿಸಿದ್ರು ಅಂತ ನಾನು ಹೇಳಲ್ಲ, ಅವರು ವ್ಯಾಪಾರಿ ಅಲ್ಲ. ಆದ್ರೆ ಆಡಿದ ಮಾತು ಮಾತೇ. ಕೈಲಾಗದಷ್ಟು ದೊಡ್ಡ ಮಾತು ಕೊಟ್ಟಿದ್ರೆ ಪಾಸ್ಟರ್ ಜೊತೆ ಕೂತು ಮಾತಾಡಿ. ಕೈಲಾಗೋದಾದ್ರೆ ಈ ತಿಂಗಳೇ ಮುಗಿಸಿ.

ದೇವರನ್ನ ಇನ್ನೂ ಹತ್ತಿರದಿಂದ ತಿಳ್ಕೋಬೇಕು, ಎಷ್ಟು ಹೊತ್ತು ಪ್ರಾರ್ಥನೆ ಮಾಡಬೇಕು?

ಹೊತ್ತಿನ ಲೆಕ್ಕ ಯೆರೆಮೀಯ ಕೊಡಲ್ಲ. 22:13ರಿಂದ 17 ನೋಡಿ. ಯೆಹೋಯಾಕೀಮ ದೇವದಾರು ಹಲಗೆ ಹೊಡೆಸಿ, ಕೆಂಪು ಬಣ್ಣ ಬಳಿಸಿ ದೊಡ್ಡ ಅರಮನೆ ಕಟ್ಟಿಸಿದ, ಕೆಲಸದೋರಿಗೆ ಕೂಲಿ ಕೊಡಲಿಲ್ಲ. ಅವನಿಗೆ ಪ್ರವಾದಿ ಹೇಳಿದ್ದು, ನಿಮ್ಮಪ್ಪ ಯೋಷೀಯನೂ ತಿಂದ ಉಂಡ, ಆದ್ರೆ ದಿಕ್ಕಿಲ್ಲದ ಬಡವರಿಗೆ ನ್ಯಾಯ ಕೊಟ್ಟ, ನನ್ನನ್ನ ತಿಳಿಯೋದು ಅಂದ್ರೆ ಇದೇ ಅಲ್ವಾ ಅಂತ ದೇವರು ಕೇಳ್ತಿದಾರೆ ಅಂತ. ಮನೆ ಕೆಲಸಕ್ಕೆ ಬರೋ ಅಮ್ಮನ ಸಂಬಳ ಒಂದನೇ ತಾರೀಕೇ ಕೊಡ್ತೀವಾ, ಹುಷಾರಿಲ್ಲದೆ ರಜಾ ಹಾಕಿದ್ರೆ ಕಟ್ ಮಾಡ್ತೀವಾ, ಗಾರೆ ಕೆಲಸದವನ ಕೊನೇ ಎರಡು ಸಾವಿರ ಆಮೇಲೆ ಬಾ ಅಂತ ಅಲೆಸ್ತೀವಾ. ಪ್ರಾರ್ಥನೆ ಖಂಡಿತ ಮಾಡಿ, ಅದರ ಜೊತೆಗೆ ಈ ಲೆಕ್ಕ ಚುಕ್ತಾ ಮಾಡಿ.

ನಾನು ಪ್ರಸಂಗ ಮಾಡೋಳಲ್ಲ, ಹಾಡೋಕೂ ಬರಲ್ಲ, ಅಡುಗೆ ಮನೆ ಬಿಟ್ರೆ ಏನೂ ಗೊತ್ತಿಲ್ಲ, ದೇವರಿಗೆ ನನ್ನಿಂದ ಏನಾಗುತ್ತೆ?

ಈ ಪ್ರಶ್ನೆ ಕೇಳಿದ ಅಜ್ಜಿಗೆ ನಾನು 38ನೇ ಅಧ್ಯಾಯ ಪೂರ್ತಿ ಓದಿ ಹೇಳಿದೆ. ಮುತ್ತಿಗೆ ನಡೀತಿದೆ, ಊರಲ್ಲಿ ರೊಟ್ಟಿ ಮುಗೀತಾ ಬಂದಿದೆ. ಅಧಿಕಾರಿಗಳು ಯೆರೆಮೀಯನನ್ನ ಸೆರೆಮನೆ ಅಂಗಳದಲ್ಲಿದ್ದ ಮಲ್ಕೀಯನ ಬಾವಿಗೆ ಹಗ್ಗದಲ್ಲಿ ಇಳಿಬಿಟ್ರು. ನೀರಿರಲಿಲ್ಲ, ಕೆಸರು, ಅದರಲ್ಲಿ ಹೂತ್ಕೊಂಡ. ಅರಸನಿಗೆ ಗೊತ್ತಿತ್ತು, ನನ್ನ ಕೈಲಿ ಏನೂ ಇಲ್ಲ ಅಂತ ಅವರಿಗೇ ಬಿಟ್ಟುಕೊಟ್ಟಿದ್ದ. ಆಗ ಎದ್ದೋನು ಎಬೆದ್ಮೆಲೆಕ. ಕೂಷ್ ದೇಶದೋನು, ಪರದೇಶಿ, ಅರಮನೆಯ ಕಂಚುಕಿ. ಅವನ ಹೆಸರಿನ ಅರ್ಥನೇ ಅರಸನ ಆಳು ಅಂತ. ಅರಸ ಬೆನ್ಯಾಮೀನ್ ಬಾಗಿಲಲ್ಲಿ ಎಲ್ಲರ ಎದುರಿಗೆ ಕೂತಿದ್ದಾಗ ಹೋಗಿ, ಇವರು ಮಾಡಿದ್ದು ಕೆಟ್ಟದ್ದು, ಆ ಮನುಷ್ಯ ಹಸಿವಿಂದ ಸಾಯ್ತಾನೆ ಅಂತ ಹೇಳಿದ. ಅಪ್ಪಣೆ ಸಿಕ್ತು.

ನನಗೆ ಯಾವಾಗಲೂ ಗಂಟಲು ಕಟ್ಟೋದು ಮುಂದಿನ ವಚನದಲ್ಲಿ. ಅವನು ಸೀದಾ ಬಾವಿಗೆ ಓಡಲಿಲ್ಲ. ಖಜಾನೆ ಕೆಳಗಿನ ಕೋಣೆಗೆ ಹೋಗಿ ಹಳೇ ಚಿಂದಿ, ಹರಿದ ಬಟ್ಟೆ ಹುಡುಕಿ ತಂದು ಹಗ್ಗದಲ್ಲಿ ಇಳಿಬಿಟ್ಟು, ಇದನ್ನ ಕಂಕುಳಿಗೆ ಇಟ್ಕೊಂಡು ಆಮೇಲೆ ಹಗ್ಗ ಹಾಕ್ಕೋ ಅಂದ. ನಾನು ಚಿಕ್ಕೋಳಿದ್ದಾಗ ನಮ್ಮ ಹಿತ್ತಲ ಬಾವಿ ಹೂಳೆತ್ತೋಕೆ ಅಪ್ಪ ಇಳೀತಿದ್ರು. ತೆಂಗಿನ ನಾರಿನ ಹಗ್ಗ, ಮೇಲೆ ಬರೋ ಹೊತ್ತಿಗೆ ಕಂಕುಳ ಚರ್ಮ ಕಿತ್ತು ಕೆಂಪಗಾಗಿರೋದು, ಎರಡು ದಿನ ಕೈ ಕೆಳಗೆ ಬಿಡೋಕಾಗ್ತಿರಲಿಲ್ಲ. ಮಾರನೇ ವರ್ಷ ಅಜ್ಜಿ ತನ್ನ ಹಳೇ ಸೀರೆ ಹರಿದು ಹಗ್ಗಕ್ಕೆ ಸುತ್ತಿ ಸುತ್ತಿ ಕಟ್ಟಿ ಕೊಟ್ರು. ಎಬೆದ್ಮೆಲೆಕನ ಚಿಂದಿ ಓದಿದಾಗೆಲ್ಲ ನನಗೆ ಆ ನೀಲಿ ಸೀರೆ ನೆನಪಾಗುತ್ತೆ. ಹಸಿದು ಸೊರಗಿದ ಮೈ, ಕೆಸರಿಂದ ಎಳೀಬೇಕಾದ್ರೆ ಹಗ್ಗ ಹೇಗೆ ಕೊಯ್ಯುತ್ತೆ ಅಂತ ಅವನು ಮುಂಚೇನೇ ಯೋಚಿಸಿದ್ದ. ಜೀವ ಉಳಿಸಿದ್ರೆ ಸಾಕಿತ್ತು, ನೋವಾಗದ ಹಾಗೂ ನೋಡ್ಕೊಂಡ. ಊರು ಬೀಳೋ ಮುಂಚೆ ದೇವರು ಅವನ ಹೆಸರು ಹಿಡಿದು, ನಿನ್ನ ಪ್ರಾಣ ಉಳಿಯುತ್ತೆ, ನನ್ನಲ್ಲಿ ಭರವಸೆ ಇಟ್ಟೆ ಅಂತ ಹೇಳಿಸಿದ್ರು, 39:15ರಿಂದ 18.

ಅಜ್ಜಿ ಕೇಳಿ ಸುಮ್ಮನಿದ್ರು. ಮುಂದಿನ ವಾರ ಬೆನ್ನುಹುಣ್ಣಾಗಿ ಮಲಗಿರೋ ಪಕ್ಕದ ಮನೆಯೋರಿಗೆ ಹಳೇ ಹತ್ತಿ ಪಂಚೆ ಒಗೆದು ಮಡಚಿ ತಗೊಂಡು ಹೋಗಿದ್ರಂತೆ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಒಬ್ಬ ಪ್ರವಾದಿ ಬಂದು ನಿಂಗೆ ಎರಡು ವರ್ಷದಲ್ಲಿ ಇದಾಗುತ್ತೆ ಅಂತ ಹೆಸರು ಹಿಡಿದು ಹೇಳ್ತಾರೆ, ನಿಜ ಸುಳ್ಳು ಹೇಗೆ ಗೊತ್ತಾಗುತ್ತೆ?

ಯೆರೆಮೀಯನ ಕಾಲದಲ್ಲಿ ಹನನ್ಯ ಅಂತ ಒಬ್ಬ ಸುಳ್ಳು ಪ್ರವಾದಿ ಇದ್ದ, ಅವನು ಹೇಳಿದ್ದೂ ಕರೆಕ್ಟಾಗಿ ಎರಡು ವರ್ಷವೇ, 28:3. ಎರಡು ವರ್ಷದೊಳಗೆ ಸೆರೆ ಹೋದೋರು, ದೇವಾಲಯದ ಪಾತ್ರೆಗಳು ಎಲ್ಲಾ ವಾಪಸ್ ಅಂತ. ಬಾಬೆಲಿನ ಅರಸನಿಗೆ ತಲೆಬಾಗಬೇಕು ಅನ್ನೋದರ ಗುರುತಾಗಿ ಯೆರೆಮೀಯ ಕುತ್ತಿಗೆ ಮೇಲೆ ಮರದ ನೊಗ ಹೊತ್ತು ನಿಂತಿದ್ದ. ಅವನ ಉತ್ತರ ನೋಡಿ, ಆಮೆನ್, ದೇವರು ಹಾಗೇ ಮಾಡಲಿ ಅಂದ. ಮನಸಾರೆ ಅಂದಿದ್ದು ಅಂತ ನಾನು ನಂಬ್ತೀನಿ, ತನ್ನ ಜನ ಉಳಿದ್ರೆ ಅವನಿಗೆ ಬೇಡವಾ. ಆದ್ರೆ ಹಿಂದಿನ ಪ್ರವಾದಿಗಳು ಏನು ಹೇಳ್ತಾ ಬಂದ್ರು ನೆನಪಿಸ್ಕೋ, ಸಮಾಧಾನದ ಮಾತು ನಡೆದ ಮೇಲೆ ತಾನೇ ಗೊತ್ತಾಗೋದು ಅಂತ ಸೇರಿಸಿದ. ಹನನ್ಯ ನೊಗ ಕಿತ್ತು ಮುರಿದ. ಯೆರೆಮೀಯ ಏನೂ ಹೇಳದೆ ತನ್ನ ದಾರಿ ಹಿಡಿದು ಹೋದ. ದೇವರ ಮಾತು ಆಮೇಲೆ ಬಂತು, ಆಗ ವಾಪಸ್ ಹೋಗಿ ಹೇಳಿದ. ಹನನ್ಯ ಅದೇ ವರ್ಷ ಸತ್ತ.

ನಾನು ಪರೀಕ್ಷೆ ಮಾಡೋದು ಹೀಗೆ: ಆ ಮಾತು ನನ್ನ ಪಾಪನ ಎಲ್ಲಾದ್ರೂ ಮುಟ್ಟುತ್ತಾ, ಅಥವಾ ನಾನು ಕೇಳಬೇಕು ಅಂತಿದ್ದಿದ್ದನ್ನೇ ಹೇಳುತ್ತಾ? ಉಳಿದ ವಾಕ್ಯಕ್ಕೆ ಹೊಂದುತ್ತಾ? ಹೇಳೋರಿಗೆ ಅದರಿಂದ ದುಡ್ಡಿದೆಯಾ? 6:14ರಲ್ಲಿ ಯೆರೆಮೀಯ ಹೇಳ್ತಾನೆ, ಸಮಾಧಾನ ಇಲ್ಲದಿದ್ದಾಗ ಸಮಾಧಾನ ಸಮಾಧಾನ ಅಂತ ಜನರ ಗಾಯಕ್ಕೆ ಮೇಲೆ ಮೇಲೆ ಔಷಧಿ ಹಚ್ತಾರೆ ಅಂತ. ಒಳಗೆ ಕೀವು ಹಾಗೇ ಇರುತ್ತೆ.

ಶತ್ರುಗೆ ಶರಣಾಗಿ ಅಂದೋನು ದೇಶದ್ರೋಹಿ ಅಲ್ವಾ?

ಬಾಬೆಲಿನೋರಿಗೆ ಶರಣಾದ್ರೆ ಜೀವ ಉಳಿಯುತ್ತೆ ಅಂತ ಯೆರೆಮೀಯ ಹೇಳ್ತಿದ್ದಾಗ ಅವತ್ತಿನ ಜನನೂ ಅದೇ ಅಂದ್ರು. ಪಕ್ಷ ಬದಲಾಯಿಸ್ತಿದಾನೆ ಅಂತ ಬಾಗಿಲಲ್ಲೇ ಹಿಡಿದು ಹೊಡೆದ್ರು, 37:13ರಿಂದ ಓದಿ. ಆದ್ರೆ ಊರು ಬಿದ್ದ ಮೇಲೆ ಏನಾಯ್ತು ನೋಡಿ. ಬಾಬೆಲಿನ ಸೇನಾಧಿಕಾರಿ ನೆಬೂಜರದಾನ ಸಂಕೋಲೆ ಬಿಚ್ಚಿಸಿ, ನನ್ನ ಜೊತೆ ಬಾಬೆಲಿಗೆ ಬಾ, ನಾನು ನೋಡ್ಕೋತೀನಿ, ಇಷ್ಟ ಇಲ್ಲದಿದ್ರೆ ಇಲ್ಲೇ ಇರು ಅಂದ. ಲಾಭಕ್ಕೆ ಮಾತಾಡಿದೋನಾಗಿದ್ರೆ ಅವತ್ತು ಹೋಗಬೇಕಿತ್ತು. ಯೆರೆಮೀಯ ಸುಟ್ಟು ಹೋದ ದೇಶದಲ್ಲಿ ಉಳಿದ ಬಡವರ ಜೊತೆ ಉಳ್ಕೊಂಡ, 40:6. ತನ್ನ ಜನಕ್ಕೆ ಕಹಿ ಸತ್ಯ ಹೇಳೋನು ಅವರನ್ನ ಪ್ರೀತಿಸ್ತಾನೋ ಇಲ್ವೋ ಅನ್ನೋದು ಇಂಥ ಕಡೆ ಗೊತ್ತಾಗುತ್ತೆ.

ನನಗೆ ಮೋಸ ಮಾಡಿದೋರು ಹಾಳಾಗಲಿ ಅಂತ ಪ್ರಾರ್ಥನೆ ಮಾಡಬಹುದಾ? ಯೆರೆಮೀಯ ಮಾಡಿದಾನಲ್ಲ

ಮಾಡಿದಾನೆ, 18:21ರಿಂದ 23 ಓದಿದ್ರೆ ಮೈ ಜುಮ್ಮನ್ನುತ್ತೆ. ಅದರ ಹಿಂದಿನ ವಚನನೂ ಓದಿ, ಇವರಿಗೆ ಒಳ್ಳೇದಾಗಲಿ ಅಂತ ನಿನ್ನ ಮುಂದೆ ನಿಂತು ಬೇಡ್ಕೊಂಡೆನಲ್ಲ ನೆನಪಿಸ್ಕೋ ಅಂತಾನೆ. ಯಾರಿಗಾಗಿ ಅತ್ತು ಬೇಡಿದನೋ ಅವರೇ ಗುಂಡಿ ತೋಡಿದ್ರು. ಅವನ ಸ್ವಂತ ಊರು ಅನಾತೋತಿನೋರೇ ಕೊಲ್ಲೋಕೆ ಸಂಚು ಮಾಡಿದ್ರು, ಅಣ್ಣತಮ್ಮಂದಿರೂ ಕೈ ಸೇರಿಸಿದ್ರು, 11:21, 12:6. ಆ ನೋವನ್ನ ಸಣ್ಣದು ಅನ್ನೋ ಹಕ್ಕು ನಮಗಿಲ್ಲ. ಅವನು ಕತ್ತಿ ಹಿಡೀಲಿಲ್ಲ, ಸೇಡನ್ನ ದೇವರ ಕೈಗೆ ಹಾಕಿ ತಾನು ಕೆಲಸಕ್ಕೆ ಹೋದ. ನಾವು ಯೇಸುಸ್ವಾಮಿ ಶಿಲುಬೆ ಮೇಲಿಂದ ಕ್ಷಮಿಸಿದ್ದನ್ನ ಕಂಡೋರು, ಹಾಗಾಗಿ ನಮಗೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಆದ್ರೆ ಮೊದಲನೇ ದಿನವೇ ಅಲ್ಲಿಗೆ ಮುಟ್ಟಬೇಕು ಅಂತ ಗಾಯ ಆದೋರನ್ನ ಯಾರೂ ಅವಸರ ಮಾಡಬೇಡಿ. ಕಾನೂನು ಪ್ರಕಾರ ಕಂಪ್ಲೇಂಟ್ ಕೊಡಬೇಕಿದ್ರೆ ಕೊಡಿ, ಅದು ಸೇಡಲ್ಲ.

ಯೆರೆಮೀಯನನ್ನ ಉಳಿಸಿದ ದೇವರು ಊರೀಯನನ್ನ ಯಾಕೆ ಉಳಿಸಲಿಲ್ಲ?

26ನೇ ಅಧ್ಯಾಯದ ಕೊನೇಲಿ ನಾಲ್ಕೇ ವಚನ. ಊರೀಯ ಅಂತ ಇನ್ನೊಬ್ಬ ಪ್ರವಾದಿ, ಯೆರೆಮೀಯನ ಥರಾನೇ ಮಾತಾಡಿದ, ಐಗುಪ್ತಕ್ಕೆ ಓಡಿ ಹೋದ, ಯೆಹೋಯಾಕೀಮ ಅಲ್ಲಿಂದ ಎಳೆದು ತರಿಸಿ ಕತ್ತಿಯಿಂದ ಕೊಂದ. ಓಡಿದ್ದು ತಪ್ಪು, ಅದಕ್ಕೆ ಸತ್ತ ಅಂತ ಕೆಲವರು ಪ್ರಸಂಗದಲ್ಲಿ ಹೇಳೋದು ಕೇಳಿದೀನಿ, ವಾಕ್ಯದಲ್ಲಿ ಹಾಗಿಲ್ಲ. ಯೆರೆಮೀಯನೂ, ಅವನ ಮಾತು ಬರ್ಕೊಳ್ತಿದ್ದ ಬಾರೂಕನೂ 36ರಲ್ಲಿ ಬಚ್ಚಿಟ್ಕೊಂಡಿದ್ರು. ಯಾಕೆ ಒಬ್ಬ ಸತ್ತ ಒಬ್ಬ ಉಳಿದ ಅಂತ ಪುಸ್ತಕ ಹೇಳಲ್ಲ. ಸತ್ತೋನ ಹೆಸರು, ಅಪ್ಪನ ಹೆಸರು, ಊರ ಹೆಸರು ಮಾತ್ರ ಜೋಪಾನವಾಗಿ ಬರೆದಿಟ್ಟಿದೆ.

ಯೆರೆಮೀಯ ಉಳಿದಿದ್ದು ಶಾಫಾನನ ಮಗ ಅಹೀಕಾಮನಿಂದ. ಈ ಮನೆತನ ಸ್ವಲ್ಪ ನೋಡಿ. ಯೋಷೀಯನಿಗೆ ಧರ್ಮಶಾಸ್ತ್ರ ಓದಿ ಹೇಳಿದ್ದು ಶಾಫಾನ. ಮಗ ಅಹೀಕಾಮ ಪ್ರವಾದಿಯ ಜೀವ ಉಳಿಸಿದ. ಇನ್ನೊಬ್ಬ ಮಗ ಎಲ್ಲಾಸ ಬಾಬೆಲಿಗೆ ಯೆರೆಮೀಯನ ಕಾಗದ ಒಯ್ದ. ಮತ್ತೊಬ್ಬ ಮಗ ಗೆಮರ್ಯನ ಕೋಣೇಲಿ ಬಾರೂಕ ಯೆರೆಮೀಯನ ಮಾತು ಬರೆದ ಸುರುಳಿ ಓದಿದ, ಅರಸ ಯೆಹೋಯಾಕೀಮ ಅದನ್ನ ಚೂರಿಯಿಂದ ಕೊಯ್ದು ಕೊಯ್ದು ಬೆಂಕಿಗೆ ಹಾಕುವಾಗ ಗೆಮರ್ಯ ಬೇಡ ಅಂತ ಬೇಡ್ಕೊಂಡ. ಮೊಮ್ಮಗ ಗೆದಲ್ಯ ಉಳಿದ ಬಡವರನ್ನ ನೋಡ್ಕೊಂಡ. ಯಾರೂ ಪ್ರವಾದಿಗಳಲ್ಲ, ಸರ್ಕಾರಿ ಕೆಲಸದೋರು. ಆಫೀಸಲ್ಲಿರೋ ವಿಶ್ವಾಸಿಗಳಿಗೆ ನಾನು ಹೇಳಿಕೊಡೋ ಮನೆತನ ಇದು.

ಇದೆಲ್ಲಾ ನಿಜವಾಗಿ ನಡೆದಿದ್ದಕ್ಕೆ ಸಾಕ್ಷಿ ಇದೆಯಾ?

ಇದೆ. 1982ರಲ್ಲಿ ಯೆರೂಸಲೇಮಿನ ದಾವೀದನಗರ ಅನ್ನೋ ಕಡೆ ಅಗೆದಾಗ ಶಾಫಾನನ ಮಗ ಗೆಮರ್ಯ ಅಂತ ಮುದ್ರೆ ಒತ್ತಿದ ಮಣ್ಣಿನ ಬಿಲ್ಲೆ ಸಿಕ್ತು. 34:7ರಲ್ಲಿ ಕೊನೆಗೆ ಉಳಿದ ಕೋಟೆಗಳು ಲಾಕೀಷ್, ಅಜೇಕ ಅಂತಿದೆ. 1935ರಲ್ಲಿ ಲಾಕೀಷಲ್ಲಿ ಮಡಕೆ ಚೂರಿನ ಮೇಲೆ ಶಾಯಿಯಲ್ಲಿ ಬರೆದ ಕಾಗದಗಳು ಸಿಕ್ಕವು, ಒಂದರಲ್ಲಿ ಅಜೇಕದ ಸಂಕೇತ ಕಾಣಿಸ್ತಿಲ್ಲ ಅಂತ ಬರೆದಿದೆ. ಬಾರೂಕನ ಬೆರಳಚ್ಚು ಇರೋ ಮುದ್ರೆ ಅಂತ ಒಂದು ಫೋಟೋ ಓಡಾಡುತ್ತೆ, ಅದನ್ನ ಪರೀಕ್ಷೆ ಮಾಡಿದೋರು ನಕಲಿ ಅಂದಿದಾರೆ, ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಸತ್ಯದ ದೇವರಿಗೆ ಸುಳ್ಳು ಸಾಕ್ಷಿ ಬೇಕಿಲ್ಲ.

ನಲವತ್ತು ವರ್ಷ ಕೂಗಿ ಯಾರೂ ಕೇಳಲಿಲ್ಲ, ಊರು ಸುಟ್ಟೇ ಹೋಯ್ತು, ಹಾಗಾದ್ರೆ ಅವನ ಸೇವೆಗೆ ಫಲ ಏನು?

ಹಳ್ಳೀಲಿ ಹದಿನೆಂಟು ವರ್ಷ ಸೇವೆ ಮಾಡಿ ಏಳು ಮನೆ ಸಭೆ ಇರೋ ಒಬ್ಬ ಅಯ್ಯನವರು ಇದನ್ನ ಕೇಳಿದ್ರು. ಅವರಿಗೆ ಬರೆದಿದ್ದನ್ನೇ ಇಲ್ಲಿ ಹಾಕ್ತೀನಿ.

32ನೇ ಅಧ್ಯಾಯ, ಚಿದ್ಕೀಯನ 10ನೇ ವರ್ಷ. ಊರ ಗೋಡೆಗೆ ಬಾಬೆಲಿನೋರು ಮಣ್ಣಿನ ದಿಬ್ಬ ಹಾಕ್ತಿದಾರೆ, ಯೆರೆಮೀಯ ಸೆರೆಮನೆ ಅಂಗಳದಲ್ಲಿದಾನೆ. ಚಿಕ್ಕಪ್ಪನ ಮಗ ಹನಮೇಲ ಬಂದು ಅನಾತೋತಲ್ಲಿರೋ ನನ್ನ ಹೊಲ ಕೊಂಡ್ಕೋ, ಬಿಡಿಸ್ಕೊಳ್ಳೋ ಹಕ್ಕು ನಿಂದೇ ಅಂತಾನೆ. ಆ ಹೊಲ ಆಗಲೇ ಶತ್ರುವಿನ ಕಾಲ ಕೆಳಗಿದೆ. ಕೊಲ್ಲೋಕೆ ಸಂಚು ಮಾಡಿದ ಊರೂ ಅದೇ. ಯೆರೆಮೀಯ ಕೊಂಡ್ಕೊಂಡ. 17 ಶೆಕೆಲ್ ಬೆಳ್ಳಿ, ನಮ್ಮ ಲೆಕ್ಕದಲ್ಲಿ ಸುಮಾರು 200 ಗ್ರಾಂ, ತಕ್ಕಡೀಲಿ ತೂಗಿ ಕೊಟ್ಟ. ಪತ್ರ ಬರೆದು ಮುದ್ರೆ ಹಾಕಿ, ಸಾಕ್ಷಿ ಸಹಿ ಹಾಕಿಸಿ, ಮುಚ್ಚಿದ ಪ್ರತಿ ಒಂದು ತೆರೆದ ಪ್ರತಿ ಒಂದು ಎರಡನ್ನೂ ಬಾರೂಕನ ಕೈಗೆ ಕೊಟ್ಟು, ಬಹಳ ದಿನ ಬಾಳಿಕೆ ಬರೋ ಹಾಗೆ ಮಣ್ಣಿನ ಮಡಕೇಲಿ ಇಡು ಅಂದ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನಾವು ಎಷ್ಟು ಜಾಗ್ರತೆ ಮಾಡ್ತೀವೋ ಅಷ್ಟೂ ಮಾಡಿದ. ಎಲ್ಲಾ ಮುಗಿದ ಮೇಲೆ ಅವನಿಗೇ ದಿಗಿಲಾಗಿ, ದೇವರೇ ಊರು ಹೋಗ್ತಿದೆ, ಹೊಲ ಕೊಂಡ್ಕೋ ಅಂತೀಯಲ್ಲ ಅಂತ ಕೇಳ್ತಾನೆ. ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳೋ ಕಾಲ ಬರುತ್ತೆ ಅಂತ ಉತ್ತರ ಬಂತು.

ಆ ಹೊಲದಲ್ಲಿ ಯೆರೆಮೀಯ ಒಂದು ಕಾಳೂ ಬೆಳೀಲಿಲ್ಲ. ಜನ ಅವನನ್ನ ಎಳ್ಕೊಂಡು ಐಗುಪ್ತಕ್ಕೆ ಹೋದ್ರು, ಅಲ್ಲೂ ಅವನ ಮಾತು ಕೇಳಲ್ಲ ಅಂತ ಮುಖಕ್ಕೇ ಹೇಳಿದ್ರು, 44:16. ಅವನ ಕಥೆ ಅಲ್ಲಿಗೆ ನಿಲ್ಲುತ್ತೆ.

ಆದ್ರೆ ಬಾಬೆಲಿನಲ್ಲಿ ಮುದುಕನಾಗಿದ್ದ ದಾನಿಯೇಲ ಯೆರೆಮೀಯ ಬರೆದಿದ್ದನ್ನ ಬಿಚ್ಚಿ 70 ವರ್ಷದ ಲೆಕ್ಕ ಹಾಕಿ ಉಪವಾಸ ಮಾಡಿ ಪ್ರಾರ್ಥನೆಗೆ ಕೂತ, ದಾನಿಯೇಲ 9:2. ಪಾರಸಿಯ ಅರಸ ಕೋರೆಷ್ ಸೆರೆ ಹೋದ ಜನರನ್ನ ಬಿಟ್ಟಾಗ, ಯೆರೆಮೀಯನ ಬಾಯಿಂದ ಬಂದ ಮಾತು ನೆರವೇರೋ ಹಾಗೆ ಅಂತಲೇ ಎಜ್ರನ ಪುಸ್ತಕ ಶುರುವಾಗುತ್ತೆ. ಅದರ ಎರಡನೇ ಅಧ್ಯಾಯ ಬರೀ ಹೆಸರು, ಸಂಖ್ಯೆ, ನಾವೆಲ್ಲಾ ಬಿಟ್ಟು ಮುಂದೆ ಹೋಗೋ ಅಧ್ಯಾಯ, ಸೆರೆಯಿಂದ ಊರಿಗೆ ವಾಪಸ್ ಬಂದವರ ಪಟ್ಟಿ. ನಿಧಾನವಾಗಿ ಬೆರಳಿಟ್ಟು ಓದ್ಕೊಂಡು ಹೋಗಿ ಅಯ್ಯನವರೇ, 23ನೇ ವಚನದಲ್ಲಿದೆ: ಅನಾತೋತಿನವರು, 128 ಜನ.